ನೂರು ಪರ್ಸೆಂಟ್ ರಿಸಲ್ಟ್

“ಇವಳು ಎಸ್ಸೆಸ್ಸೆಲ್ಸಿಗೆ ಕೂತರೆ ಶಾಲೆಯ ನೂರು ಪರ್ಸೆಂಟ್ ರಿಸಲ್ಟ್ ಹೋಗ್ತದೆ. ಮುಂದಿನ ವರ್ಷ ಪ್ರೈವೇಟಾಗಿ ಕಟ್ಟಲಿ. ಎಂತ ಹೇಳ್ತೀರಿ?” ಎಂದರು ಹೆಡ್‌ಮಾಸ್ಟರು.

ನಿರೀಕ್ಷಾ ಪಕ್ಕದಲ್ಲಿ ಕೂತಿದ್ದ ಅಮ್ಮನ ಮುಖ ನೋಡಿದಳು. ಬಂದರಿನ ದಕ್ಕೆಯಲ್ಲಿ ಮೀನು ಮಾರುವಾಗ ಅಮ್ಮ ಕಿನ್ನಿಯದು ಎಷ್ಟು ಜೋರು ಗಂಟಲೋ, ಶಾಲೆಗೆ ಬಂದರೆ ಅಷ್ಟೇ ಮೌನ. ಅಕ್ಕನನ್ನು ಇದೇ ಶಾಲೆಯಿಂದ ಬಿಡಿಸಿದಾಗಲೂ ಸುಮ್ಮನೆ ತಲೆಯಾಡಿಸಿ ಬಂದಿದ್ದಳು. ಇವತ್ತೂ ಸೆರಗು ಹಿಂಡುತ್ತಾ ನೆಲ ನೋಡುತ್ತಿದ್ದಳು. ‘ಹೂಂ ಅನ್ಬೇಡ ಅಮ್ಮ’ ಎಂದು ನಿರೀಕ್ಷಾ ಒಳಗೊಳಗೇ ಬೇಡಿಕೊಂಡಳು.

“ದೊಡ್ಡವಳಿಗೂ ಮುಂದಿನ ವರ್ಷ ಅಂತಲೇ ಹೇಳಿದ್ರಿ ಸಾರ್.” ಕಿನ್ನಿ ಸೆರಗು ಬಿಟ್ಟು ತಲೆಯೆತ್ತಿದಳು. “ಅವಳೀಗ ಮೀನು ಕಟ್ ಮಾಡ್ಲಿಕ್ಕೆ ಹೋಗ್ತಾಳೆ. ಇವಳು ಬರೀತಾಳೆ. ಫೇಲಾದ್ರೆ ಆಗ್ಲಿ.” ಮಗಳ ಕಡೆ ತಿರುಗಿ, “ನೀನು ಕ್ಲಾಸಿಗೆ ಹೋಗು” ಎಂದಳು.

ನಿರೀಕ್ಷಾ ಎದ್ದಳು. ಬಾಗಿಲು ದಾಟುವಾಗ ಅವಳಿಗೆ ಇನ್ನೊಂದು ಹೆದರಿಕೆ ಹುಟ್ಟಿತು: ಇನ್ನು ಪಾಸಾಗಲೇಬೇಕು.