ಗೌರಿಯ ತಲೆ ಮೇಲಿನ ಸಿಂಬೆ

ಅದು ಕೆಂಪು ಸೀರೆಯದೋ ಹಸಿರು ಸೀರೆಯದೋ, ನೆನೆದಾಗಲೆಲ್ಲ ಬಣ್ಣ ಬದಲಾಗುತ್ತದೆ. ನಾನು ಚಿಕ್ಕವಳಿದ್ದಾಗ, ಅಮ್ಮನ ತವರೂರು ಸಾರಥಿಯಲ್ಲಿ ಅಜ್ಜಿ ಹಳೆ ಸೀರೆಯ ತುಂಡನ್ನು ಸಿಂಬೆ ಸುತ್ತಿ, ನನ್ನದೇ ವಯಸ್ಸಿನ ಮಾವನ ಮಗಳು ಗೌರಿಯ ತಲೆ ಮೇಲಿಟ್ಟು, ಅದರ ಮೇಲೆ ರೊಟ್ಟಿ ಬುಟ್ಟಿ ಹೊರಿಸಿದಳು. ಇಬ್ಬರೂ ಹೊಲಕ್ಕೆ ನಡೆದು ಹೊರಟರು.

“ಅಜ್ಜಿ, ನಾನೂ ನಡ್ಕೊಂಡು ಬರ್ತೀನಿ.”

“ಬ್ಯಾಡವ್ವ, ದಾವಣಗೆರೆ ಕಾಲು ನಿಂದು. ನಿಮ್ಮಪ್ಪನ ಸ್ಕೂಟರ್ ಐತಲ್ಲ, ಕುಂತ್ಕೊಂಡು ಬಾ.”

ಗೌರಿ ಕಿಸಕ್ಕನೆ ನಕ್ಕಳು. ಸ್ಕೂಟರಿನಲ್ಲಿ ಅವರನ್ನು ದಾಟುವಾಗ ಅಜ್ಜಿಯ ಕೈ ಅವಳ ಹೆಗಲ ಮೇಲಿತ್ತು.

ಇವತ್ತು ಡಾಕ್ಟರ ಮಾತಿಗೆ ವಿದ್ಯಾನಗರದ ಪಾರ್ಕಿನಲ್ಲಿ ನಡೆದು, ಬೆವರಿನ ಟವೆಲ್ ಸುತ್ತಿಟ್ಟಾಗ ಅದು ಸಿಂಬೆಯಂತೆಯೇ ಕಂಡಿತು. ಗೌರಿ ಈಗಲೂ ನೆಲಕ್ಕೆ ಕೈಯೂರದೆ ಏಳುತ್ತಾಳೆ. ನೋಡಿದರೆ ಹೊಟ್ಟೆ ಉರಿಯುತ್ತದೆ. ಅಂದು ಸ್ಕೂಟರ್ ಹತ್ತದೆ ಹಟ ಹಿಡಿದಿದ್ದರೆ ಅಜ್ಜಿ ನನಗೂ ಒಂದು ಸಿಂಬೆ ಸುತ್ತುತ್ತಿದ್ದಳೋ ಇಲ್ಲವೋ, ನನಗೆ ಗೊತ್ತಿಲ್ಲ.