ಜ್ಯೇಷ್ಠಮಧುವಿನ ಕಡ್ಡಿ

ಕಟ್ ಎಂದು ಒಂದು ಸಣ್ಣ ಸದ್ದು, ಒಣಕಡ್ಡಿ ಮುರಿದಂತೆ.

ವಾರ್ಡಿನ ಆಯಾ ಚನ್ನಬಸವ್ವ ಎದ್ದು ಕೂತಳು. ಕೊನೆಯ ಮಂಚದ ಬಳಿ ಕಂದೀಲು ಉರಿಯುತ್ತಿತ್ತು. ಚೀನಾದಿಂದ ಸೇವೆಗೆಂದು ಪುಣೆಗೆ ಬಂದಿದ್ದ ನರ್ಸ್ ಲಿನ್, ಶಿವಪುತ್ರಪ್ಪನ ಅಂಗಾಲಿಗೆ ಉದ್ದನೆಯ ಸೂಜಿ ಚುಚ್ಚುತ್ತಿದ್ದಳು. ಅವನ ಬಾಯಲ್ಲಿ ಜ್ಯೇಷ್ಠಮಧುವಿನ ಕಡ್ಡಿ.

ಹಗಲು ಲಿನ್ ಎಲ್ಲ ನರ್ಸುಗಳಂತೆ ಟಿಂಕ್ಚರು, ಬ್ಯಾಂಡೇಜು ಎಂದು ಓಡಾಡುವಳು. ರಾತ್ರಿ ತನ್ನೂರಿನ ಸೂಜಿಗಳನ್ನು ಇಲ್ಲಿನ ಸ್ಪಿರಿಟ್ಟಿನಲ್ಲಿ ಅದ್ದಿಕೊಳ್ಳುವಳು. ಆ ಸೂಜಿಗಳಿಂದಲೇ ಹೆಂಗಸರ ವಾರ್ಡಿನ ಗೋದಾಬಾಯಿಯ ಸೆಟೆದ ಕುತ್ತಿಗೆ ತಿರುಗಿದ್ದನ್ನು ಚನ್ನಬಸವ್ವ ಕಂಡಿದ್ದಳು. ಅವಳ ಹೆದರಿಕೆಯೂ ಅದೇ.

ಲೋಣಾವಳಾದ ಬಳಿ ರೈಲು ಹಳಿ ಕಿತ್ತ ಆರೋಪ ಶಿವಪುತ್ರಪ್ಪನ ಮೇಲಿತ್ತು. ಇಬ್ಬರು ಸತ್ತಿದ್ದರು. ಓಡುವಾಗ ಸೇತುವೆಯಿಂದ ಬಿದ್ದವನು, ಸೊಂಟದ ಕೆಳಗೆ ಏನೂ ತಿಳಿಯದು ಎನ್ನುತ್ತಿದ್ದ. ಗುರುವಾರ ದೊಡ್ಡ ಡಾಕ್ಟರ ಪರೀಕ್ಷೆ. ಸ್ಪರ್ಶ ಮರಳಿದ್ದರೆ ಕೋರ್ಟು, ಆಮೇಲೆ ಗಲ್ಲು. ಇಲ್ಲದಿದ್ದರೆ ಬೇಡಿ ಬಿಚ್ಚಿ ಸಾಸವಡದ ಅಕ್ಕನ ಮನೆಗೆ. ಏಳಲಾರದವನಿಗೆ ಕಾವಲು ದಂಡವೆಂಬುದು ಸರ್ಕಾರದ ಲೆಕ್ಕ.

“ಬಾಯಾರ, ಇವನ ಕಾಲು ಬಂದ್ರ ಕೊರಳು ಹೋಗತದ. ಗೊತ್ತದ ಏನ್ರಿ?” ಚನ್ನಬಸವ್ವ ಕೇಳಿದಳು.

“ಗೊತ್ತದ,” ಎಂದಳು ಲಿನ್, ಚನ್ನಬಸವ್ವನಿಂದಲೇ ಕಲಿತ ಕನ್ನಡದಲ್ಲಿ. “ಅದಕ್ಕ ದಿನಾ.”

“ಮತ್ತ ಆ ಕಡ್ಡಿ?”

“ಗಂಟಲಿಗೆ.”

ಬಾಗಿಲಲ್ಲಿ ಪೊಲೀಸ್ ಫಕೀರಪ್ಪ ನಕ್ಕ. “ಮನಷ್ಯಾನ್ನ ಹೊಲೀತಾಳೇನ್ರಿ ಈ ಬಾಯಿ? ಹೊಲೀಲಿ ಬಿಡ್ರಿ. ಲಗೂ ಎದ್ದು ನಿಂತ್ರ ನನ್ನ ಪಹರೆ ತಪ್ಪತದ.”

ಬೆಳಿಗ್ಗೆ ಕಸ ಗುಡಿಸುವಾಗ ಮಂಚದಡಿ ಆ ಕಡ್ಡಿ ಸಿಗುತ್ತಿತ್ತು. ಮೊದಮೊದಲು ಜಜ್ಜಿ ನಾರಾಗಿರುತ್ತಿತ್ತು. ಬರಬರುತ್ತ ಹಲ್ಲಿನ ಗುರುತಷ್ಟೇ. ಗುರುವಾರ ಸಿಕ್ಕಿದ್ದು ಇಡೀ ಕಡ್ಡಿ, ಒಂದು ಗೀರೂ ಇರಲಿಲ್ಲ. ಬಾಯಿರುಚಿಯೂ ಸತ್ತಿತೇನೋ ಎಂದುಕೊಂಡಳು.

ಸೂಜಿಯ ಸಂಗತಿ ಡಾಕ್ಟರಿಗೆ ಹೇಳಿ ನಿಲ್ಲಿಸಬೇಕೆಂದಿದ್ದಳು. ಬಾಯಿ ತೆರೆಯುವುದರೊಳಗೆ ಅವರು ಪಿನ್ನು ತೆಗೆದಿದ್ದರು.

ಅಂಗಾಲು. ಮೀನಖಂಡ. ತೊಡೆ. ರಕ್ತ ಹನಿಯಿತು. ಶಿವಪುತ್ರಪ್ಪ ಸೂರು ನೋಡುತ್ತಿದ್ದ, ಕಾಲು ಬೇರೆ ಯಾರದೋ ಎಂಬಂತೆ. ಲಿನ್ ನೆಲ ನೋಡುತ್ತಿದ್ದಳು.

“ಕಾಲು ಬರೀ ಕಟ್ಟಿಗೆ,” ಎಂದರು ಡಾಕ್ಟರು. “ಬೇಡಿ ಬಿಚ್ಚಿ.”

ಚನ್ನಬಸವ್ವನಿಗೆ ಅಳು ಬಂತು. ಕೊರಳು ಉಳಿಯಿತು, ಕಾಲು ಹೋಯಿತು. ಚೀನೀ ಸೂಜಿ ಸೋತಿತ್ತು.

ಸಂಜೆ ಅವನಿಗೆ ಚಹಾ ತಂದಳು. ಲೋಟ ಜಾರಿ, ಕುದಿಯುವ ಚಹಾ ಅವನ ಪಾದದ ಮೇಲೆ ಚೆಲ್ಲಿತು.

ಪಾದ ಸರಕ್ಕನೆ ಹಿಂದೆ ಸರಿಯಿತು, ಮೊಣಕಾಲು ಮಡಚಿಕೊಂಡಿತು.

ಆ ಕಡ್ಡಿ ಗಂಟಲಿಗಲ್ಲ, ನೋವು ಕಚ್ಚಿ ಹಿಡಿಯಲಿಕ್ಕೆ ಎಂದು ಚನ್ನಬಸವ್ವನಿಗೆ ಆಗ ಹೊಳೆಯಿತು. ಲಿನ್ ಅಭ್ಯಾಸ ಮಾಡಿಸಿದ್ದು ಸೂಜಿಯೊಂದನ್ನೇ, ಬಿಸಿ ಚಹಾವನ್ನಲ್ಲ.

“ಏನಾತ್ರಿ?” ಹಾಸಿಗೆ ಸುತ್ತುತ್ತಿದ್ದ ಫಕೀರಪ್ಪ ಬಾಗಿಲಿಂದ ಕೇಳಿದ.

ಚನ್ನಬಸವ್ವ ಆ ಕಾಲನ್ನು ಮೆಲ್ಲಗೆ ಚಾಚಿಸಿ, ಮೇಲೆ ಚಾದರ ಎಳೆದಳು. ಸತ್ತ ಆ ಇಬ್ಬರು ಒಮ್ಮೆ ನೆನಪಾದರು. ಇನ್ನು ಯಾರಿಗೂ, ಎಂದಿಗೂ ಹೇಳುವುದಿಲ್ಲ ಎಂದುಕೊಂಡಳು.

“ಏನಿಲ್ರಿ,” ಎಂದಳು. “ಚಹಾ ಚೆಲ್ಲಿತು.”