ಸೊಟ್ಟ ಸಾಲು

ಶಾಲೆಯ ಶ್ರಮದಾನ ಮುಗಿಸಿ ಬಂದ ಮಗಳ ಲಂಗದಿಂದ ಇವತ್ತು ಹಸಿ ಕೆಸರಿನ ವಾಸನೆ ಬಂದು, ನಮ್ಮೂರು ಕಡಹಿನಬೈಲಿನ ಗದ್ದೆಯ ಒಂದು ಮಧ್ಯಾಹ್ನ ನೆನಪಾಯಿತು.

ನನಗಾಗ ಒಂಬತ್ತು ವರ್ಷ. ನೆರೆಮನೆಯ ಗಿರಿಜಕ್ಕ ಕೈ ಮುರಿದುಕೊಂಡಿದ್ದರಿಂದ ಅವರ ಗದ್ದೆಯ ನಟ್ಟಿಗೆ ಊರಿನ ಹೆಂಗಸರೆಲ್ಲ ಹೋಗಿದ್ದರು. ಅಮ್ಮ ನನ್ನನ್ನೂ ಇಳಿಸಿದಳು. ಕೆಸರು ಮೊಣಕಾಲನ್ನು ಗಟ್ಟಿಯಾಗಿ ಹಿಡಿದುಕೊಂಡಿತ್ತು. ಅಗೆಯ, ಅಂದರೆ ಭತ್ತದ ಎಳೆ ಸಸಿಯ, ಬೇರು ಬೆರಳಿಗೆ ತಣ್ಣಗೆ ಸುತ್ತಿಕೊಳ್ಳುತ್ತಿತ್ತು. ನಮ್ಮಲ್ಲಿ ಮುಯ್ಯಾಳಿನ ಪದ್ಧತಿ: ಇವತ್ತು ನಾವು ಅವರ ಗದ್ದೆಗೆ, ನಾಳೆ ಅವರು ನಮ್ಮ ಗದ್ದೆಗೆ. ಹಾಗಾಗಿ ಎಲ್ಲರೆದುರು ಕೇಳಿಬಿಟ್ಟೆ, "ಗಿರಿಜಕ್ಕ ನಮ್ಮನೆ ನಟ್ಟಿಗೆ ಯಾವಾಗ ಬರ್ತಾರೆ?"

ಗದ್ದೆಯ ಅಂಚಿನಲ್ಲಿ ಕೂತಿದ್ದ ಗಿರಿಜಕ್ಕ ಕಟ್ಟು ಹಾಕಿದ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು.

ಅಮ್ಮ ತಲೆ ಎತ್ತಲಿಲ್ಲ. "ಅವ್ರ ಕೈ ಸರಿಯಾಗೋ ತನ್ಕ ಅಗೆ ಕಾಯ್ತದಾ? ಸುಮ್ನೆ ನೆಡು."

ನಾಚಿಕೆಯಿಂದ ಬೇಗ ಬೇಗ ನೆಟ್ಟೆ. ಸಾಲು ಹಾವಿನಂತೆ ಸೊಟ್ಟಗಾಯಿತು. ಕಿತ್ತು ಸರಿಮಾಡಲು ಅಮ್ಮ ಕೈ ಹಾಕಿದಾಗ ಗಿರಿಜಕ್ಕ, "ಇರ್ಲಿ ಬಿಡೇ ಮಾರಾಯ್ತಿ," ಎಂದರು. "ಕೂಸು ನೆಟ್ಟಿದ್ದು ಯಾವ್ದು ಅಂತ ನಂಗೆ ಗುರ್ತು ಸಿಗ್ಬೇಕು."

ನಾನು ಇನ್ನೊಂದು ಕಟ್ಟು ಅಗೆ ತೆಗೆದುಕೊಂಡೆ. ಈ ಸಲ ಯಾರೂ ಹೇಳದೆಯೇ ಬಗ್ಗಿದೆ.